ಹಳ್ಳದ ನಡುಗೂಟ

ಸುರಪುರದ ಬಜಾರಿನಲ್ಲಿ ಮೀನು ಕೊಳ್ಳುವವರಲ್ಲಿ ಎರಡು ಬಗೆ. ಕಿವಿರು ಎತ್ತಿ ಮೂಸಿ ನೋಡುವವರು ಒಂದು ಬಗೆ, ಮಾರುವ ಬಸ್ಸಮ್ಮನ ಮುಖ ನೋಡುವವರು ಇನ್ನೊಂದು ಬಗೆ. ಈ ಊರಲ್ಲೇ ಮಾಸ್ತರಿಕೆ ಮಾಡಿ ನಿವೃತ್ತನಾದ ನಾನು ಎರಡನೆಯ ಬಗೆಯವನು. ಮೀನು ಹಿಂದಿನ ದಿನದ್ದಾಗಿದ್ದರೆ ಅವಳು ನನ್ನನ್ನು ಕಂಡ ಕೂಡಲೇ, "ಇವತ್ತ ಕಾಯಿಪಲ್ಯಾ ತಿನ್ರಿ ಮಾಸ್ತರ" ಎಂದು ಬಿಡುತ್ತಾಳೆ. ಬೇರೆ ಯಾವ ವ್ಯಾಪಾರಸ್ಥರ ಬಾಯಲ್ಲೂ ನಾನು ಇಂಥ ಮಾತು ಕೇಳಿಲ್ಲ. ಬಟ್ಟೆ ಅಂಗಡಿಯವನು 'ಈ ಬಣ್ಣ ಹೋಗ್ತದ, ಒಯ್ಯಬ್ಯಾಡ್ರಿ' ಅಂದದ್ದನ್ನು ಯಾರಾದರೂ ಕೇಳಿದ್ದರೆ ನನಗೂ ತಿಳಿಸಲಿ.

ಅವಳು ಕೂರುವುದು ಬೇವಿನ ಗಿಡದ ಬುಡದಲ್ಲಿ. ಬೆಳಗಿನಿಂದ ಮಧ್ಯಾಹ್ನದವರೆಗೆ ನೆರಳು ಇರುವ, ಎರಡು ಓಣಿಯ ಜನಕ್ಕೂ ಕಣ್ಣಿಗೆ ಬೀಳುವ ಜಾಗ ಅದು. ಅದಕ್ಕೆ ಕಾಗದವಿಲ್ಲ, ಬಾಡಿಗೆಯಿಲ್ಲ. ದಿನಾ ಬಂದು ಕೂಡುತ್ತಾಳೆ, ಆದ್ದರಿಂದ ಅದು ಅವಳದು. ಬರುವುದನ್ನು ಬಿಟ್ಟರೆ ಬೇರೆಯವರದು. ಬಜಾರಿನ ಕಾನೂನು ಇಷ್ಟೇ, ಅದಕ್ಕೆ ಯಾವ ಕೋರ್ಟೂ ಇಲ್ಲ. ಮಳೆಗಾಲದಲ್ಲಿ ಅವಳ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿರುತ್ತಿತ್ತು, ಹಾಗೆಯೇ ಕೂತು ಮಧ್ಯಾಹ್ನದವರೆಗೆ ಮೀನು ಕೊಯ್ದು ಕೊಡುತ್ತಿದ್ದಳು. ಎಷ್ಟೋ ವರ್ಷ ನಾನು ಅದನ್ನು ಮೀನಿನ ನೀರು ಅಂದುಕೊಂಡಿದ್ದೆ. ಅದು ಹಳ್ಳದ ನೀರು.

ಬಸ್ಸಮ್ಮ ಹುಟ್ಟಿದ್ದು ಕಕ್ಕೇರಾದಲ್ಲಿ, ಜೋಳ ಬೆಳೆಯುವ ಮನೆಯಲ್ಲಿ. ಮದುವೆಯಾಗಿ ಬಂದದ್ದು ಬೆಣಚಿದೊಡ್ಡಿಗೆ. ತಿಂಥಣಿಯ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ, ಕೃಷ್ಣೆಯ ದಂಡೆಗೆ ಅಂಟಿಕೊಂಡಿರುವ, ಕೆಲವೇ ಮನೆಗಳ ಸಣ್ಣ ದೊಡ್ಡಿ ಅದು. ಗಂಡ ರಾಮಣ್ಣ ತೆಪ್ಪದಲ್ಲಿ ಹೋಗಿ ಬಲೆ ಬಿಡುವವನು, ಮಾತು ಕಡಿಮೆ. ಬಂದ ಹೊಸತರಲ್ಲಿ ಮೀನಿನ ವಾಸನೆಗೆ ಅವಳಿಗೆ ಅನ್ನ ಸೇರುತ್ತಿರಲಿಲ್ಲವಂತೆ. ಮೂಗಿಗೆ ಸೆರಗು ಕಟ್ಟಿಕೊಂಡು ಮೀನು ಕೊಯ್ಯುವುದನ್ನು ಅತ್ತೆ ಕಲಿಸಿದ್ದಳು.

ಆಗೆಲ್ಲ ದೊಡ್ಡಿಯ ಮೀನನ್ನು ಹಳ್ಳದ ಆಚೆ ದಂಡೆಗೆ ಬರುವ ಸಾವಕಾರನೊಬ್ಬ ತೂಗಿ ಒಯ್ಯುತ್ತಿದ್ದ. ತಕ್ಕಡಿಯಲ್ಲಿ ಕಲ್ಲಿನ ಜೊತೆಗೆ ಅವನ ಹೆಬ್ಬೆರಳೂ ಕೂಡುತ್ತಿತ್ತು. ಎಲ್ಲರೂ ಕಂಡಿದ್ದರು, ಯಾರೂ ಬಾಯಿಬಿಟ್ಟಿರಲಿಲ್ಲ. ಹೊಸ ಸೊಸೆ ಒಂದು ದಿನ ಎಲ್ಲರ ಮುಂದೆ, "ಅಣ್ಣಾ, ಕಲ್ಲಿನ ಜೋಡಿ ಬೆರಳೂ ತೂಗಾಕತ್ತಿಯಲ್ಲ, ಅದಕ್ಕೂ ರೊಕ್ಕ ಕೊಡ್ತಿ ಏನು?" ಎಂದು ಕೇಳಿದಳು. ಸಾವಕಾರ ಸಿಟ್ಟಿನಿಂದ ಮೀನು ಬಿಟ್ಟು ಹೋದ. ಅತ್ತೆ ಎದೆ ಎದೆ ಬಡಿದುಕೊಂಡಳು. ಬಸ್ಸಮ್ಮ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹಳ್ಳ ದಾಟಿ, ಸುರಪುರಕ್ಕೆ ಬಂದು ಬೇವಿನ ಗಿಡದ ಬುಡದಲ್ಲಿ ಕೂತಳು. ಅಂದಿನಿಂದ ತನ್ನ ತಕ್ಕಡಿಯಲ್ಲಿ ತಾನೇ ತೂಗಿ ಮಾರಿದ್ದಾಳೆ. ಅವಳ ಬದುಕಿನ ಸಾಧನೆ ಯಾವುದೆಂದು ಕೇಳಿದರೆ ಅವಳು ಹೇಳುವುದು ಇದೊಂದನ್ನೇ.

ಇನ್ನು ಹಳ್ಳದ ವಿಷಯ. ಬೆಣಚಿದೊಡ್ಡಿಯ ಒಂದು ಮಗ್ಗುಲಿಗೆ ನದಿ, ಇನ್ನೊಂದು ಮಗ್ಗುಲಿಗೆ ಹಳ್ಳ. ಶಾಲೆ, ದವಾಖಾನೆ, ಪಂಚಾಯಿತಿ, ಸುರಪುರಕ್ಕೆ ಹೋಗುವ ಟಂಟಂ ಆಟೊ, ಎಲ್ಲ ಇರುವುದು ಹಳ್ಳದ ಆಚೆಯ ದೊಡ್ಡ ಊರಲ್ಲಿ. ದೊಡ್ಡಿಯವರು ಅದನ್ನು ಬರೀ 'ಊರು' ಅನ್ನುತ್ತಾರೆ. ಹಳ್ಳ ದಾಟಲು ಇರುವುದು ಒಂದೇ ಜಾಗ, ನೀರಿನಡಿ ಹಾಸುಬಂಡೆ ಇರುವಲ್ಲಿ. ಅದರಿಂದ ಮೇಲಕ್ಕೆ ಹೋದರೆ ಕಾಲು ಹೂತುಹೋಗುವ ಉಸುಕು, ಕೆಳಕ್ಕೆ ಹೋದರೆ ಮಡುವು. ಮೇಲಿನಿಂದ ಮಳೆನೀರು ಬರುವುದು ಹಾಗಿರಲಿ, ನಾರಾಯಣಪುರದ ಡ್ಯಾಮಿನ ಗೇಟು ತೆಗೆದಾಗ ನದಿ ಏರಿ ಹಳ್ಳದೊಳಕ್ಕೆ ಹಿಮ್ಮುಖವಾಗಿ ನುಗ್ಗುತ್ತದೆ. ಆಕಾಶದಲ್ಲಿ ತುಣುಕು ಮೋಡವಿಲ್ಲದ ದಿನವೂ ಹಳ್ಳ ಕೆಳಗಿನಿಂದ ಮೇಲಕ್ಕೆ ತುಂಬುತ್ತದೆ. ಪೂರ್ತಿ ತುಂಬಿದ ದಿನ ಯಾರೂ ದಾಟುವುದಿಲ್ಲ, ಅಂದು ರಾಮಣ್ಣನೂ ಬಲೆ ಬಿಡುವುದಿಲ್ಲ. ತಾಪತ್ರಯ ಇರುವುದು ಉಳಿದ ದಿನಗಳಲ್ಲಿ, ನೀರು ಮೊಣಕಾಲಿಗೆ ಇಳಿದು ಬಂಡೆಯ ಮೇಲೆ ಪಾಚಿ ಬಿಟ್ಟು ಹೋದಾಗ.

ಅಂಥ ಒಂದು ದಿನ ಬಸ್ಸಮ್ಮ ಜಾರಿದಳು. ಬುಟ್ಟಿ ಮಗುಚಿ ಮೀನೆಲ್ಲ ನೀರು ಪಾಲಾದವು. "ಬಂದ ದಾರಿ ಹಿಡದು ಹೋದವ್ರಿ ಮಾಸ್ತರ" ಎಂದು ನಕ್ಕಿದ್ದಳು ಆಮೇಲೆ. ಮೊಣಕಾಲು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಬಂಡೆಗೆ ಬಡಿದು ಊದಿಕೊಂಡಿತ್ತು. ಸುರಪುರದ ಡಾಕ್ಟರು ನೀರಲ್ಲಿ ನಡೆಯಬೇಡ, ಇನ್ನೊಮ್ಮೆ ಬಿದ್ದರೆ ಕಾಲು ಉಳಿಯುವುದಿಲ್ಲ ಅಂದರು. "ಹಾಂಗಾರ ನಾ ಹಾರಿ ಬರ್ಲೇನ್ರಿ?" ಎಂದು ಇವಳು ಅವರನ್ನೇ ಕೇಳಿದಳು.

ರಾಮಣ್ಣ ತನಗೆ ತಿಳಿದ ದಾರಿ ಹೇಳಿದ. ಊರಿನ ದಂಡೆಗೆ ಈಗ ಟೆಂಪೊದವನು ಬರುತ್ತಾನೆ, ದೊಡ್ಡಿಯ ಗಂಡಸರು ಮೀನನ್ನು ಅವನಿಗೇ ಕೊಡುತ್ತಾರೆ. "ನಾವೂ ಕೊಟ್ಟುಬಿಡಮು. ನೀ ಮನ್ಯಾಗ ಕೂಡು."

ಅವನು ಕರುಣೆಯಿಂದಲೇ ಅಂದದ್ದು. ಆದರೆ 'ಮನ್ಯಾಗ ಕೂಡು' ಎಂಬ ಮಾತು ಅವಳಿಗೆ ಮೊಣಕಾಲಿಗಿಂತ ಹೆಚ್ಚು ನೋಯಿತು. ಯಾವ ಬೆರಳಿನ ವಿರುದ್ಧ ಅವಳು ಹಳ್ಳ ದಾಟಿದ್ದಳೋ ಅದೇ ಬೆರಳಿನ ಕೆಳಗೆ ವಾಪಸು ಬುಟ್ಟಿ ಇಡಬೇಕು. ಬೇವಿನ ಗಿಡದ ಬುಡ ಬಿಡಬೇಕು. ಅವಳು ಕೋಲು ಹಿಡಿದು ಕುಂಟುತ್ತ ಪಂಚಾಯಿತಿಗೆ ಹೋದಳು.

ಪಂಚಾಯಿತಿಯ ಅಧ್ಯಕ್ಷೆ ಗೌಹರಬೇಗಂ. ಅವರ ಕಥೆಯೂ ಹಳ್ಳದ್ದೇ. ಹಿಂದೆ ಒಬ್ಬ ಸದಸ್ಯ ತನ್ನ ಹೊಲ ಉಳಿಸಿಕೊಳ್ಳಲು ಯಾರನ್ನೂ ಕೇಳದೆ ಹಳ್ಳದೊಳಗೆ ಕಲ್ಲಿನ ಗೋಡೆ ಕಟ್ಟಿಸಿದ್ದ. ಮುಂದಿನ ಮಳೆಗೆ ನೀರು ಆ ಗೋಡೆಗೆ ಬಡಿದು ಊರಿನ ದಂಡೆಗೆ ತಿರುಗಿ, ಗೌಹರಬೇಗಂ ಅವರ ಮನೆಯ ಹಿಂಗೋಡೆ ಕೂತುಬಿಟ್ಟಿತು, ಕೋಳಿಗಳು ತೇಲಿಹೋದವು. ಆ ಸಿಟ್ಟಿಗೇ ಅವರು ಚುನಾವಣೆಗೆ ನಿಂತದ್ದು. ಗೆದ್ದ ಮೇಲೆ ಮಾಡಿಸಿದ ಮೊದಲ ಠರಾವು ಇದು: ಹಳ್ಳದಲ್ಲಿ ಎಷ್ಟೇ ಸಣ್ಣ ಕೆಲಸವಿದ್ದರೂ ಮೊದಲು ಪಂಚಾಯಿತಿಯನ್ನು ಕೇಳಬೇಕು. ಕಟ್ಟುವ ಜಾಗದಲ್ಲಿ ಗೂಟ ಹಾಕಿ ಒಂದು ಮಳೆಗಾಲ ಬಿಡಬೇಕು. ನೀರು ಹೇಗೆ ಹರಿಯಿತು, ಎಲ್ಲಿ ಕಸ ಸಿಕ್ಕಿತು, ಯಾರ ದಂಡೆ ಕೊರೆಯಿತು ಎಂದು ನೋಡಬೇಕು. ಯಾರದೂ ತಕರಾರಿಲ್ಲದಿದ್ದರೆ ಮಾತ್ರ ಅನುಮತಿ. ಊರವರು ಇದನ್ನು ಗೂಟದ ಠರಾವು ಎಂದು ಕರೆದು ನಕ್ಕರು. ಹೊಲದ ಒಡ್ಡಿಗೆ ತಮ್ಮ ತಾತಂದಿರು ಮಾಡುತ್ತಿದ್ದುದೂ ಇದನ್ನೇ ಎಂಬುದು ಅವರಿಗೆ ಮರೆತಿತ್ತು.

ಪಂಚಾಯಿತಿಯ ಪಿಡಿಒ ಪ್ರವೀಣಕುಮಾರ ನನ್ನ ಕೈಯಲ್ಲಿ ಓದಿದವನು. ಒಳ್ಳೆಯ ಹುಡುಗ, ಲಂಚ ಮುಟ್ಟುವುದಿಲ್ಲ. ಆದರೆ ಅವನ ಬಾಯಲ್ಲಿ 'ನೋಡೋಣ' ಎಂಬ ಒಂದು ಮಾತು ಸದಾ ಸಿದ್ಧವಿರುತ್ತದೆ. ಶಾಲೆಯಲ್ಲಿ ಲೆಕ್ಕ ಮಾಡು ಅಂದರೂ ಹಾಗೇ ಅನ್ನುತ್ತಿದ್ದ.

"ಸೇತುವಿ ಅಂದ್ರ ನಮ್ಮ ಕೈಯಾಗಿಲ್ಲ ಬಸ್ಸಮ್ಮ" ಎಂದ ಅವನು. "ಮ್ಯಾಲಿನ ಕಚೇರಿಗೆ ಬರೀಬೇಕು, ನೀರಾವರಿಯವರು ಒಪ್ಪಬೇಕು. ನೋಡೋಣ."

"ಸೇತುವಿ ಯಾರು ಕೇಳ್ಯಾರ್ರಿ ಸಾಹೇಬ್ರ? ಸಾಲಾಗಿ ಕಾಲಿಡಾಕ ಕಲ್ಲು ಹಾಕಸ್ರಿ. ನೀರು ಸಂದ್ಯಾಗ ಹೋಗ್ಲಿ, ನಾ ಮ್ಯಾಲ ಹೋಗ್ತೀನಿ."

ಗೌಹರಬೇಗಂ ನಕ್ಕರು. "ಇಷ್ಟ ಆದ್ರ ನಮ್ಮ ಕೈಯಾಗ ಅದ. ಇಂಜಿನಿಯರ್ ನೋಡಿ ಹೂಂ ಅಂದ್ರ ಸಾಕು. ಆದ್ರ ಗೂಟ ಹಾಕಿ ಒಂದು ಮಳಿಗಾಲ ಕಾಯಬೇಕು ಬಸ್ಸಮ್ಮಕ್ಕ. ನನ್ನ ಗ್ವಾಡಿ ಬಿದ್ದಿದ್ದು ನೆನಪದ ಇಲ್ಲ?"

"ನಿನ್ನ ಕೋಳಿ ನಮ್ಮ ದೊಡ್ಡಿ ಮುಂದ ತೇಲಿಹೋದವು. ನೆನಪಿಲ್ದ ಏನು ಗೌಹರಕ್ಕ?"

ಒಂದು ಮಳೆಗಾಲ ಎಂದರೆ ಆ ಹಂಗಾಮಿನ ಮೀನೆಲ್ಲ ಟೆಂಪೊದವನಿಗೆ. ಅವಳು ಹಲ್ಲು ಕಚ್ಚಿ ಒಪ್ಪಿದಳು.

ಕಾರಹುಣ್ಣಿಮೆ ಮುಗಿದ ವಾರ ಗಾರೆ ಕೆಲಸದ ಗೌಂಡಿ ಮರಿಲಿಂಗ ಬಂದು, ಹಾಸುಬಂಡೆಯ ಬಿರುಕುಗಳಲ್ಲಿ ಸಾಲಾಗಿ ಜಾಲಿ ಗೂಟಗಳನ್ನು ನಿಲ್ಲಿಸಿದ. ತುದಿಗೆ ಸುಣ್ಣ ಬಳಿದ. ನಡುವಿನ ಗೂಟಕ್ಕೆ ಒಳ್ಳೆಯ ಆಳದ ಬಿರುಕು ಸಿಕ್ಕಿತ್ತು. ಅದರ ಸುತ್ತ ಚಕ್ಕೆಗಲ್ಲು ಬಡಿದು ಬಿಗಿದು, "ಇದು ನನ್ನ ಮೊಮ್ಮಕ್ಕಳ ಕಾಲಕ್ಕೂ ಅಲುಗಂಗಿಲ್ಲ" ಎಂದು ಬೀಗಿದ.

ಎಲ್ಲರೂ ಹೋದ ಮೇಲೆ, ಸಂಜೆ ಬಸ್ಸಮ್ಮ ಅರಿಶಿಣ ಕುಂಕುಮ ತಂದಳು. ನಡುಗೂಟಕ್ಕೆ ಹಚ್ಚಿದಳು, ಹಸಿರು ಖಣದ ತುಂಡು ಕಟ್ಟಿದಳು, ಕೈಮುಗಿದಳು. ನದಿ ದಂಡೆಯ ಹೆಂಗಸರು ಹೊಸ ತೆಪ್ಪಕ್ಕೂ ಹೊಸ ಬಲೆಗೂ ಗಂಗಮ್ಮನನ್ನು ನೆನೆದು ಕುಂಕುಮ ಹಚ್ಚುತ್ತಾರೆ. ಬರಲಿರುವ ಕಲ್ಲಿಗೆ ಮೊದಲೇ ಹಚ್ಚಿದಳು, ಅಷ್ಟೇ. 'ಗಂಗವ್ವಾ, ಗೂಟ ಇದ್ದಾಕಿ ಕಲ್ಲಾಗು' ಎಂದು ಬೇಡಿಕೊಂಡಳಂತೆ.

ಶ್ರಾವಣದಲ್ಲಿ ಡ್ಯಾಮಿನ ಗೇಟು ತೆಗೆದರು. ಹಳ್ಳ ಕೆಳಗಿನಿಂದ ಏರುವಾಗ ದೊಡ್ಡಿಯ ಮೌನಪ್ಪನ ಎಮ್ಮೆಕರು ದಂಡೆಯಲ್ಲಿ ಮೇಯುತ್ತಿತ್ತು. ಮೌನಪ್ಪ ದನಕರುಗಳನ್ನೇ ನಂಬಿ ಬದುಕುವವನು. ಕರು ನೀರಿಗೆ ಸಿಕ್ಕು ಕೊಚ್ಚಿಹೋಗುವಾಗ ಅದರ ಕೊರಳ ಹಗ್ಗ ನಡುಗೂಟಕ್ಕೆ ಸುತ್ತಿಕೊಂಡು ನಿಂತಿತು. ಮೂಗಷ್ಟೇ ನೀರಿನ ಮೇಲೆ. ರಾಮಣ್ಣ ತೆಪ್ಪ ಹಾಕಿದ, ಅವನೂ ಮೌನಪ್ಪನೂ ಸೇರಿ ಕರುವನ್ನು ಎಳೆದು ತಂದರು. ನೀರು ಇಳಿದಾಗ ನೋಡಿದರೆ ಅತ್ತಿತ್ತಲಿನ ಕೆಲವು ಗೂಟ ವಾಲಿದ್ದವು, ದಂಡೆಯದೊಂದು ಹೋಗೇಬಿಟ್ಟಿತ್ತು. ನಡುಗೂಟ ನೆಟ್ಟಗೆ ನಿಂತಿತ್ತು, ಖಣದ ಗಂಟು ಬಿಚ್ಚಿರಲಿಲ್ಲ.

ಮೌನಪ್ಪ ಅದರ ಮುಂದೆ ಉದ್ದಂಡ ಬಿದ್ದ. ಆಮೇಲೆ ಬಸ್ಸಮ್ಮನ ಮನೆಗೆ ಬಂದು, "ನಿನ್ನ ಕೈ ದೊಡ್ಡದಕ್ಕಾ. ನೀ ಕರದಿ, ತಾಯಿ ಬಂದಾಳ" ಎಂದ. ಬಸ್ಸಮ್ಮನಿಗೆ ಹೆಮ್ಮೆಯಾಯಿತು. ಯಾಕೆ ಆಗಬಾರದು? ಅವಳೂ ಒಂದು ಕಾಯಿ ಒಡೆದು ಬಂದಳು.

ದಸರೆಯ ಹೊತ್ತಿಗೆ ಗೂಟದ ಸುತ್ತ ಕಲ್ಲು ಸೇರಿದವು, ಕಲ್ಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಬಾವುಟ. ಮೌನಪ್ಪ ಪೂಜೆಗೆಂದು ಒಂದು ಕೈಗಂಟೆ ತಂದ. ಮಂಗಳವಾರ ಶುಕ್ರವಾರ ಕಾಯಿ ಕರ್ಪೂರ ಶುರುವಾದವು. 'ಗೂಟದ ಗಂಗಮ್ಮ' ಎಂಬ ಹೆಸರೂ ಬಿತ್ತು. ದೋರನಹಳ್ಳಿಯಿಂದ ಯಾರೋ ಜೀಪು ಮಾಡಿಕೊಂಡು ಬಂದು ಹರಕೆ ಹೊತ್ತು ಹೋದರೆಂದು ಕೇಳಿದಾಗ ನನಗೆ ನಗುವೂ ಬಂತು, ಸ್ವಲ್ಪ ಭಯವೂ ಆಯಿತು. ನಮ್ಮ ಜನಕ್ಕೆ ದೇವರನ್ನು ಕೂಡಿಸಲು ತಿಂಗಳು ಸಾಕು. ಎಬ್ಬಿಸುವ ಮಾತು ಯಾರೂ ಆಡುವುದಿಲ್ಲ.

ದೀಪಾವಳಿ ಕಳೆದ ಮೇಲೆ ಇಂಜಿನಿಯರ್ ಬಂದು ನೋಡಿ, ಗೂಟದ ಸಾಲಿನಲ್ಲಿ ಕಲ್ಲು ಹಾಕಿದರೆ ನೀರಿಗೆ ಅಡ್ಡಿಯಿಲ್ಲ ಎಂದರು. ಆದರೆ ನಡುಗೂಟದ ಸುತ್ತ ಪೇರಿಸಿದ ಗುಡ್ಡೆಯಿಂದ ನೀರು ಆಗಲೇ ಪಕ್ಕಕ್ಕೆ ತಿರುಗಿ ದಂಡೆ ಕೊರೆಯುತ್ತಿದೆ ಎಂದೂ ತೋರಿಸಿದರು. ಪಂಚಾಯಿತಿಯಲ್ಲಿ ಎರಡು ಅರ್ಜಿ ಬಂದು ಕೂತಿದ್ದವು. ಎರಡೂ ಮೌನಪ್ಪನವೇ. ಒಂದು, ತಾಯಿಗೆ ಹಳ್ಳದ ನಡುವೆ ಸಿಮೆಂಟಿನ ಕಟ್ಟೆ ಕಟ್ಟಿ ತಗಡು ಹೊದಿಸಲು ಅನುಮತಿ ಬೇಕು. ಇನ್ನೊಂದು, ಕಾಲಿಡುವ ಕಲ್ಲಿಗೆ ತಕರಾರು.

ಗ್ರಾಮಸಭೆಯ ದಿನ ನಾನೂ ಹೋಗಿದ್ದೆ. ಬಸ್ಸಮ್ಮನೇ ಬರಹೇಳಿದ್ದಳು.

"ತಾಯಿ ಕೂತಲ್ಲಿ ಚಪ್ಪಲ್ ಕಾಲು ಇಟ್ಟು ದಾಟೂದಂದ್ರ ಹೆಂಗ್ರಿ?" ಎಂದ ಮೌನಪ್ಪ. ಅವನ ದನಿಯಲ್ಲಿ ಜಗಳವಿರಲಿಲ್ಲ, ನಿಜವಾದ ಸಂಕಟವಿತ್ತು. "ನನ್ನ ಕರು ಉಳಿಸ್ಯಾಳ. ನಾ ಸುಮ್ನಿರಾಕ ಆಗೂದಿಲ್ಲ."

"ಕಟ್ಟಿ ಮಾತ್ರ ಆಗೂದಿಲ್ಲ ಮೌನಪ್ಪಣ್ಣ" ಎಂದರು ಗೌಹರಬೇಗಂ. "ನೀರು ತಿರುಗ್ತದ. ಅದು ಯಾರು ಕೇಳಿದ್ರೂ ಆಗೂದಿಲ್ಲ."

"ಕಲ್ಲಿನ ಕತಿ ಏನ್ರಿ?" ಎಂದಳು ಬಸ್ಸಮ್ಮ.

ಪ್ರವೀಣಕುಮಾರ ಠರಾವಿನ ಕಾಗದ ತಿರುವಿದ. ತಕರಾರು ಇದ್ದರೆ ಅನುಮತಿ ಇಲ್ಲ ಎಂದು ಅದರಲ್ಲೇ ಬರೆದಿತ್ತು. "ನೋಡೋಣ" ಎಂದ. ಹಿಂದಿನಿಂದ ಯಾರೋ, "ಕುಂಕುಮ ಹಚ್ಚಿದಾಕಿ ನೀನ ಅಲ್ಲೇನಬೇ?" ಎಂದು ಕೂಗಿದರು. ಸಭೆಯೆಲ್ಲ ನಕ್ಕಿತು. ಬಸ್ಸಮ್ಮ ಸೆರಗು ಎಳೆದುಕೊಂಡು ಕೂತಳು.

ಸಭೆ ಮುಗಿದ ಮೇಲೆ ಗೌಹರಬೇಗಂ ಅವಳನ್ನು ಹೊರಗೆ ಕಟ್ಟೆಯ ಮೇಲೆ ಕೂಡಿಸಿಕೊಂಡರು. "ಬಸ್ಸಮ್ಮಕ್ಕ, ಖರೆ ಹೇಳ್ತೀನಿ ಕೇಳು. ಗೂಟ ತೆಗೀರಿ ಅಂತ ನಾ ಅಂದ್ರ, ಅಧ್ಯಕ್ಷಿ ಅಂದ್ಲು ಅಂತ ಯಾರೂ ಅನ್ನಂಗಿಲ್ಲ. ಸಾಬರ ಹೆಣ್ಮಗಳು ನಮ್ಮ ದೇವರನ್ನ ಕೀಳಿಸಿದ್ಲು ಅಂತಾರ. ಆಮ್ಯಾಲ ಹಳ್ಳ ಬಿಟ್ಟು ಬ್ಯಾರೆ ಜಗಳ ಆಗ್ತದ. ನನ್ನ ಕೈ ಕಟ್ಯಾದ."

"ನನಗ ಗೊತ್ತಾಗ್ತದ ಅಕ್ಕಾ" ಎಂದಳು ಬಸ್ಸಮ್ಮ.

ಅಲ್ಲಿಂದ ಅವಳು ನನ್ನ ಜೊತೆಗೇ ಟಂಟಂನಲ್ಲಿ ಸುರಪುರಕ್ಕೆ ಬಂದಳು. ಹಳ್ಳದಲ್ಲಿ ಆಗ ನೀರು ಕಡಿಮೆ. ಆದರೆ ಮೀನು ಟೆಂಪೊದವನಿಗೆ ರೂಢಿಯಾಗಿ ಹೋಗಿತ್ತು, ರಾಮಣ್ಣನೂ ಅದಕ್ಕೇ ಒಗ್ಗಿಕೊಂಡಿದ್ದ. ಬುಟ್ಟಿಯಿಲ್ಲದೆ ಬಂದವಳು ಬೇವಿನ ಗಿಡದ ಕಡೆ ನೋಡಿದಳು. ಅಲ್ಲಿ ಪರಿಮಳಾ ಎಂಬ ಹರೆಯದ ಹೆಣ್ಣುಮಗಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬಸ್ಸಮ್ಮನನ್ನು ಕಂಡು ಎದ್ದು ನಿಂತು, "ನೀ ಬರೋತನಕ ಅಷ್ಟ ಅತ್ತಿ" ಅಂದಳು. ಒಳ್ಳೆಯ ಮಾತೇ. ಆದರೆ ಬಸ್ಸಮ್ಮನ ಹಳೆಯ ಗಿರಾಕಿಗಳು ಅವಳ ಕಣ್ಣ ಮುಂದೆಯೇ 'ಪರಿಮಳಾ, ಏನದ ಇವತ್ತ?' ಎಂದು ಕೇಳಿಕೊಂಡು ಬರುತ್ತಿದ್ದರು. ಇನ್ನೊಂದು ಮಳೆಗಾಲ ಹೀಗೇ ಹೋದರೆ ಎದ್ದು ನಿಲ್ಲುವವರೂ ಇರುವುದಿಲ್ಲ.

ನಮ್ಮ ಮನೆಗೆ ಬಂದು ಚಹಾ ಕುಡಿದಳು. ಆಗ ಹೇಳಿದಳು. "ಮಾಸ್ತರ, ನಾ ಖರೇನ ಹಚ್ಚಿದ್ದೆ ಕುಂಕುಮ. ನಾಟಕ ಆಗಿದ್ರ ಹೋಗಿ ಒರಸಿಬಿಡ್ತಿದ್ದೆ. ಆಕಿ ನಾ ಕರದಿದ್ದಕ್ಕ ಬಂದಾಳೋ ಏನೋ. ಬಂದಾಕಿನ್ನ ಹೋಗು ಅಂತ ಹ್ಯಾಂಗ ಅನ್ಲಿ?"

ನನಗೆ ದೇವರ ಮೇಲೆ ಅಷ್ಟೇನೂ ಭಕ್ತಿಯಿಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಯಾಕ, ಗುಳ್ಳವ್ವನ್ನ ಕಳಸಂಗಿಲ್ಲೇನು?" ಎಂದಳು. ಆಷಾಢದಲ್ಲಿ ನಮ್ಮ ಕಡೆ ಮಣ್ಣಿನಲ್ಲಿ 'ಗುಳ್ಳವ್ವ'ನನ್ನು ಮಾಡಿ, ಮಂಗಳವಾರ ಮಂಗಳವಾರ ಆರತಿ ಎತ್ತಿ, ಕಡೆಗೆ ಬುತ್ತಿ ಕಟ್ಟಿಕೊಂಡು ಹೋಗಿ ನೀರಿಗೆ ಬಿಡುತ್ತಾರೆ. ಬಸ್ಸಮ್ಮ ಬಟ್ಟಲು ಕೆಳಗಿಟ್ಟಳು. "ಶುಕ್ರವಾರ ಬರ್ರಿ ಮಾಸ್ತರ. ಮೀನಿಗಲ್ಲ" ಎಂದು ಎದ್ದು ಹೋದಳು.

ಶುಕ್ರವಾರ ಹಳ್ಳದ ಹತ್ತಿರ ಒಳ್ಳೆಯ ಜನ ಸೇರಿದ್ದರು. ಮೌನಪ್ಪ ಗಂಟೆ ಬಾರಿಸುತ್ತಿದ್ದ. ಬಸ್ಸಮ್ಮ ಮೀನಿನ ಬುಟ್ಟಿಯನ್ನೇ ತಿಕ್ಕಿ ತೊಳೆದು, ಅರಿಶಿಣ ಬಳಿದು, ತಲೆಯ ಮೇಲಿಟ್ಟುಕೊಂಡು ಬಂದಳು. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಬಳೆ, ಹೊಸ ಖಣ. ಹಿಂದೆ ರಾಮಣ್ಣ. ಅವಳು ನೀರಿಗಿಳಿದು ಗೂಟಕ್ಕೆ ಹೊಸ ಖಣ ಸುತ್ತಿ, ಗಂಡನ ಮನೆಗೆ ಹೋಗುವ ಮಗಳಿಗೆ ಉಡಿ ತುಂಬುವ ಹಾಗೆ ಉಡಿ ತುಂಬಿದಳು. ಜನಕ್ಕೆ ಮೊದಲು ಅರ್ಥವಾಗಲಿಲ್ಲ. ಸುತ್ತಲಿನ ಕಲ್ಲನ್ನು ಅವಳು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಇಡತೊಡಗಿದಾಗ ಗಂಟೆ ನಿಂತಿತು.

"ಏನ್ ಮಾಡಾಕತ್ತೀಯಕ್ಕಾ?" ಎಂದ ಮೌನಪ್ಪ.

"ಕಳಸಾಕತ್ತೀನಿ. ಗುಳ್ಳವ್ವನ್ನ ಮಾಡ್ತೀವಿ, ಪೂಜಿ ಮಾಡ್ತೀವಿ, ಉಡಿ ತುಂಬಿ ಕಳಸ್ತೀವಿ. ಈಕಿನ್ನ ಕರದಾಕಿ ನಾ. ಕಳಸಾಕಿನೂ ನಾನ."

ಅವಳು ಎರಡೂ ಕೈಯಿಂದ ಗೂಟ ಹಿಡಿದು ಎಳೆದಳು. ಅದು ಅಲುಗಲಿಲ್ಲ. ಮತ್ತೆ ಎಳೆದಳು. ಮರಿಲಿಂಗ ಬಿಗಿದ ಗೂಟ, ಸುಮ್ಮನೆ ಬರುತ್ತದೆಯೇ? ದಂಡೆಯ ಮೇಲೆ ಪಿಸುಮಾತು ಎದ್ದಿತು. "ತಾಯಿಗೆ ಮನಸಿಲ್ಲ" ಎಂದು ಒಬ್ಬಳು ಗಟ್ಟಿಯಾಗಿಯೇ ಅಂದಳು. ಮೂರನೆಯ ಸಲ ಎಳೆಯುವಾಗ ಬಸ್ಸಮ್ಮನ ಮೊಣಕಾಲು ಮಡಚಿತು, ಅವಳು ನೀರಲ್ಲಿ ಕೂತುಬಿಟ್ಟಳು. ರಾಮಣ್ಣ ಮುಂದೆ ಬಂದ. ಅವಳು ಕೈ ಅಡ್ಡ ಮಾಡಿ ತಡೆದಳು.

ಗೂಟಕ್ಕೆ ಹಣೆ ಹಚ್ಚಿ ಅವಳು ಮಾತಾಡಿದ್ದು ಎಲ್ಲರಿಗೂ ಕೇಳಿಸಿತು. "ಯವ್ವಾ, ನಾ ನಿನ್ನ ಕೂಡಸಾಕ ಕರೀಲಿಲ್ಲ. ದಾಟಸಾಕ ಕರದೆ. ನೀ ಇಲ್ಲಿ ಕೂತರ ನಾ ಮನ್ಯಾಗ ಕೂಡಬೇಕಾಗ್ತದ." ಅಷ್ಟು ಹೇಳಿ ಅತ್ತಳು. ಅವಳು ಅಳುವುದನ್ನು ದೊಡ್ಡಿಯವರು ಯಾರೂ ಕಂಡವರಲ್ಲ.

ಮೌನಪ್ಪ ಬೈಯಬಹುದು, ಜನ ಕಟ್ಟಬಹುದು ಎಂದು ನಾನು ಹೆದರಿದ್ದೆ. ಅವನು ಗಂಟೆಯನ್ನು ಕೆಳಗಿಟ್ಟ, ಚಪ್ಪಲಿ ಬಿಟ್ಟ, ಧೋತರ ಎತ್ತಿ ಕಟ್ಟಿ ನೀರಿಗಿಳಿದ.

"ಎಳದ್ರ ಬರೂದಿಲ್ಲಕ್ಕಾ" ಎಂದ. "ದನದ ಗೂಟ ಕೀಳೋದು ನೋಡಿಲ್ಲೇನು?"

ಬಗ್ಗಿ, ಒಂದು ಕಲ್ಲಿನಿಂದ ಬುಡದ ಚಕ್ಕೆಗಳನ್ನು ಬಡಿದು ಸಡಿಲಿಸಿದ. ಗೂಟವನ್ನು ಆಚೆ ಈಚೆ ಅಲುಗಿಸಿದ, ಆಮೇಲೆ ಎರಡು ಕೈಯಲ್ಲಿ ಹಿಡಿದು ತಿರುಗಿಸಿದ. ದಿನಾ ಕೊಟ್ಟಿಗೆಯಲ್ಲಿ, ಹೊಲದಲ್ಲಿ ಮಾಡುವ ಕೆಲಸ. ಬಿರುಕಿನೊಳಗೆ ನೀರು ಬುಗ್ಗೆಂದು ಸದ್ದು ಮಾಡಿತು. "ಈಗ ನೀ ಎತ್ತು" ಎಂದು ಅವಳಿಗೆ ಬಿಟ್ಟುಕೊಟ್ಟ. ಅವಳು ಎತ್ತಿದಳು, ಬಂತು.

"ಕಳಸೂದಾದ್ರ ಮರ್ಯಾದಿಲೆ ಕಳಸಮು" ಎಂದ ಅವನು. ರಾಮಣ್ಣ ತೆಪ್ಪ ತಂದ. ಬಸ್ಸಮ್ಮ ಗೂಟವನ್ನು ಮಡಿಲಲ್ಲಿಟ್ಟುಕೊಂಡು ಕೂತಳು, ಪಕ್ಕದಲ್ಲಿ ಮೌನಪ್ಪ ಗಂಟೆ ಹಿಡಿದು. ನಡುನದಿಯಲ್ಲಿ ಬಿಟ್ಟು ಬಂದರು. ವಾಪಸು ಬರುವಾಗ ಮೌನಪ್ಪನ ಕಣ್ಣು ಕೆಂಪಾಗಿದ್ದವು. ನಾನು ಅವನನ್ನು ಮೊದಲು ಕೆಟ್ಟವನೆಂದು ತಿಳಿದಿದ್ದೆ, ಅದು ತಪ್ಪು.

ಮರುದಿನ ಅವನು ಪಂಚಾಯಿತಿಗೆ ಹೋಗಿ, "ನನ್ನ ತಕರಾರು ಹೊಳಿಗೆ ಹೋತ್ರಿ" ಎಂದನಂತೆ. ಪ್ರವೀಣಕುಮಾರ ಬಾಯಿ ತೆರೆಯುವ ಮೊದಲೇ ಗೌಹರಬೇಗಂ, "ನೋಡೋದೇನಿಲ್ಲ ಸಾಹೇಬ್ರ, ಬರೀರಿ" ಎಂದರಂತೆ. ಅವನು ಬರೆದ.

ಬೇಸಿಗೆಯಲ್ಲಿ ಕೆಲಸ ಮುಗಿಯಿತು. ಹಾಸುಬಂಡೆಯ ಮೇಲೆ ಮೊಣಕಾಲೆತ್ತರದ ಕಾಂಕ್ರೀಟು ಕಲ್ಲುಗಳ ಸಾಲು, ನಡುವೆ ನೀರು ಹರಿಯುವಷ್ಟು ಸಂದು. ನಡುವಿನ ಕಲ್ಲಿನ ಮೇಲೆ ಏನಾದರೂ ಕೆತ್ತಲೇ ಎಂದು ಮರಿಲಿಂಗ ಕೇಳಿದ. "ಬ್ಯಾಡ, ಅದು ಕಾಲಿಡೂ ಕಲ್ಲು" ಎಂದಳು ಬಸ್ಸಮ್ಮ. ಮೌನಪ್ಪ ಮಾತ್ರ ಈಗಲೂ ಆ ಕಲ್ಲು ಬಂದಾಗ ನಿಂತು, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಅದನ್ನು ದಾಟಿ, ಮುಂದಿನ ಕಲ್ಲಿನ ಮೇಲೆ ಮತ್ತೆ ಮೆಟ್ಟಿಕೊಳ್ಳುತ್ತಾನೆ. ಹಿಂದೆ ಬರುವವರು "ಜಲ್ದಿ ನಡಿಯೋ ಮಾರಾಯಾ" ಎಂದು ಕೂಗುತ್ತಾರೆ. ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆ ವರ್ಷ ಮುಂಗಾರು ಜೋರಾಗಿಯೇ ಬಂತು. ಒಂದು ಬೆಳಗ್ಗೆ, ಜಿಟಿಜಿಟಿ ನಿಂತ ಹೊತ್ತಿನಲ್ಲಿ ನಾನು ಚೀಲ ಹಿಡಿದು ಬಜಾರಿಗೆ ಹೋದೆ. ಬೇವಿನ ಗಿಡದ ಬುಡದಲ್ಲಿ ಪರಿಮಳಾ ಕೂತಿದ್ದಳು. ಬಸ್ಸಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು, ಸ್ವಲ್ಪ ಕುಂಟುತ್ತ, ಟಂಟಂ ಇಳಿದು ಬಂದು ಅವಳ ಮುಂದೆ ನಿಂತಳು. ಪರಿಮಳಾ ಒಂದು ಕ್ಷಣ ಮೇಲೆ ನೋಡಿ, ಬುಟ್ಟಿ ಎತ್ತಿಕೊಂಡು ಪಕ್ಕಕ್ಕೆ ಸರಿದಳು. ಬಸ್ಸಮ್ಮ ಕೂತು, ಈಳಿಗೆ ನಿಲ್ಲಿಸಿ, ತಕ್ಕಡಿ ಬಿಚ್ಚಿದಳು. ಸರಿದವಳಿಗೆ, "ಅಲ್ಲಿ ಬಿಸಲು ಬೀಳ್ತದ, ಇನ್ನೊಂಚೂರು ಈಕಡಿ ಬಾ" ಎಂದಳು.

ನಾನು ಅವಳ ಸೀರೆಯ ಅಂಚನ್ನೇ ನೋಡುತ್ತಿದ್ದೆ. ಅದು ಒಣಗಿತ್ತು.

"ಏನ್ ನೋಡ್ತೀರಿ ಮಾಸ್ತರ?" ಎಂದಳು. "ಕೊರಮೀನು ಬಂದಾವ. ಇವತ್ತ ಒಯ್ರಿ."